ಥ್ಯಾಂಕ್ಸ್, ಧನ್ಯವಾದ, ಜೋಳದ ಪಾಳಿ: ಉಪಕಾರಸ್ಮರಣೆಯ ಮಾತುಗಳ ಒಂದು ವಿವೇಚನೆ

1

ಕನ್ನಡದಲ್ಲಿ ‘ಥ್ಯಾಂಕ್ಸ್’ ಎಂಬುದಕ್ಕೆ ಸಾಟಿಯಾದ ಮಾತಿಲ್ಲ ಎಂಬ ಹೇಳಿಕೆಯನ್ನು ಹೊರನಾಡುಗಳಲ್ಲಿ ಕನ್ನಡ ಕಲಿಸುವವರೂ ಕಲಿಯುವವರೂ ಹಲವು ಬಾರಿ ಕೇಳಿರುತ್ತಾರೆ. ಇದಕ್ಕೆ ಎರಡು ಬಗೆಯ ಉತ್ತರಗಳು ರೂಢಿಯಲ್ಲಿವೆ. ‘ಧನ್ಯವಾದ’ ಇದೆಯಲ್ಲ ಎಂಬುದು ಒಂದು. ನಮ್ಮವರಲ್ಲಿ ಕೃತಜ್ಞತೆ ಹೃದಯದ್ದು, ಬಾಯಿಯದಲ್ಲ. ಆದ್ದರಿಂದ ಅಂಥ ಪದದ ಅಗತ್ಯವೇ ಬೀಳಲಿಲ್ಲ ಎಂಬುದು ಇನ್ನೊಂದು. ಮೊದಲನೆಯದು ನಿಘಂಟಿನ ಉತ್ತರ, ಎರಡನೆಯದು ಅಭಿಮಾನದ ಉತ್ತರ. ಎರಡೂ ಪ್ರಶ್ನೆಯ ಬಾಯಿ ಮುಚ್ಚಿಸುತ್ತವೆಯೇ ಹೊರತು ಅದನ್ನು ಬಿಡಿಸುವುದಿಲ್ಲ. ‘ಧನ್ಯವಾದ’ವಿದ್ದರೂ ಕನ್ನಡಿಗನು ಅಂಗಡಿಯಲ್ಲಿ, ಬಸ್ಸಿನಲ್ಲಿ, ದೂರವಾಣಿಯಲ್ಲಿ ‘ಥ್ಯಾಂಕ್ಸ್’ ಎಂದೇ ಏಕೆ ಹೇಳುತ್ತಾನೆ? ಕೃತಜ್ಞತೆ ಬಾಯಿಮಾತಿನದಲ್ಲವಾದರೆ ಹಳಗನ್ನಡದ ಕಾವ್ಯಗಳಲ್ಲಿಯೂ ಶಾಸನಗಳಲ್ಲಿಯೂ ಅದಕ್ಕಾಗಿ ಅಷ್ಟೊಂದು ಖಚಿತವಾದ ಪರಿಭಾಷೆ ಹೇಗೆ ಬೆಳೆಯಿತು? ಈ ಎರಡು ಪ್ರಶ್ನೆಗಳನ್ನು ಒಟ್ಟಿಗೆ ಇರಿಸಿಕೊಂಡು ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಪರಿಶೀಲನೆಗೆ ವಿಶಾಖಪಟ್ಟಣದ ಬಂದರು ಪ್ರದೇಶವನ್ನು ನಿಲುಗಡೆಯಾಗಿ ಆರಿಸಿಕೊಂಡಿರುವುದಕ್ಕೆ ಕಾರಣವಿದೆ. ಈ ಊರಿನ ಒಳಬಂದರು ಉಬ್ಬರವಿಳಿತದ ಜೌಗುನೆಲವನ್ನು ಅಗೆದು ಮಾಡಿದ್ದು. 1933ರ ಅಕ್ಟೋಬರ್ 7ರಂದು ‘ಜಲದುರ್ಗ’ ಎಂಬ ಹಡಗು ಪ್ರವೇಶಿಸಿದಾಗ ಅದು ಸಂಚಾರಕ್ಕೆ ತೆರೆಯಿತು. ಅಂದಿನಿಂದ ಬಂದರು, ನೌಕಾನೆಲೆ, ಹಡಗುಕಟ್ಟೆ, ಉಕ್ಕಿನ ಕಾರ್ಖಾನೆಗಳ ಸುತ್ತ ತೆಲುಗರ ನಡುವೆ ಒಡಿಯಾ, ಬಂಗಾಳಿ, ತಮಿಳು, ಮಲಯಾಳ, ಹಿಂದಿ, ಕನ್ನಡಗಳ ಜನ ಉದ್ಯೋಗನಿಮಿತ್ತ ಬಂದು ನೆಲೆಸಿದ್ದಾರೆ. ಒಬ್ಬರಿಗೊಬ್ಬರು ಅಪರಿಚಿತರಾದವರು ದಿನವೂ ಒಬ್ಬರಿಂದೊಬ್ಬರು ಸಣ್ಣ ಉಪಕಾರಗಳನ್ನು ಪಡೆಯಬೇಕಾದ ಸ್ಥಳ ಇದು. ಉಪಕಾರಸ್ಮರಣೆಯ ಮಾತು ಹೇಗೆ ನಡೆಯುತ್ತದೆಂಬುದನ್ನು ನೋಡಲು ಹಳ್ಳಿಗಿಂತ ಬಂದರು ಒಳ್ಳೆಯದು. ಅಲ್ಲದೆ ಅನ್ಯದೇಶ್ಯ ಪದಗಳು ಒಳಗೆ ಬಂದು ಮನೆಮಾಡಿಕೊಳ್ಳುವ ಬಾಗಿಲೂ ಬಂದರೇ. ‘ಬಂದರು’ ಎಂಬುದೇ ಫಾರಸಿಯಿಂದ ಬಂದ ಮಾತು. ತೆಲುಗರು ಮಚಲೀಪಟ್ಟಣವನ್ನು ಬರಿದೇ ‘ಬಂದರು’ ಎನ್ನುವುದುಂಟು. ವಿಜಯವಾಡದಲ್ಲಿ ಅತ್ತ ಹೋಗುವ ಹೆದ್ದಾರಿಗೆ ಬಂದರು ರಸ್ತೆಯೆಂದೇ ಹೆಸರು ಬಿದ್ದಿತ್ತು. ಆ ಪದ ಪರಕೀಯವೆಂದು ಇಂದು ಯಾರಿಗೂ ತೋರುವುದಿಲ್ಲ. ‘ಥ್ಯಾಂಕ್ಸ್’ ಕೂಡ ಆ ದಾರಿಯಲ್ಲಿಯೇ ಇದೆ.

2

ಮೊದಲು ಇಂಗ್ಲಿಷ್ ಪದದ ಅರ್ಥವ್ಯಾಪ್ತಿಯನ್ನು ಗಮನಿಸಬೇಕು. ಇಂಗ್ಲಿಷಿನ ‘ಥ್ಯಾಂಕ್’ ಮತ್ತು ‘ಥಿಂಕ್’ ಒಂದೇ ಬೇರಿನಿಂದ ಹುಟ್ಟಿದವು. ಪ್ರಾಚೀನ ಇಂಗ್ಲಿಷಿನಲ್ಲಿ ಆ ನಾಮಪದಕ್ಕೆ ಆಲೋಚನೆ, ಸದ್ಭಾವನೆ, ಕೃತಜ್ಞತೆ ಎಂಬ ಅರ್ಥಗಳು ಜೊತೆಜೊತೆಯಾಗಿದ್ದವು. ಜರ್ಮನ್ ಭಾಷೆಯಲ್ಲಿ ಇಂದಿಗೂ ‘ಡೆಂಕೆನ್’ ಎಂದರೆ ಆಲೋಚಿಸು, ‘ಡಾಂಕೆನ್’ ಎಂದರೆ ಕೃತಜ್ಞತೆ ಹೇಳು. ಎಂದರೆ, ಆ ಭಾಷಾವರ್ಗದಲ್ಲಿ ಕೃತಜ್ಞತೆಯ ಮೂಲಕಲ್ಪನೆ ‘ನೆನೆಯುವುದು’. ‘ನಾನು ನಿನಗೆ ಕೃತಜ್ಞತೆ ಹೇಳುತ್ತೇನೆ’ ಎಂಬ ಪೂರ್ಣವಾಕ್ಯದಲ್ಲಿದ್ದ ‘ನಾನು’ ಸುಮಾರು 1400ರ ಹೊತ್ತಿಗೆ ಉದುರಿ ‘ಥ್ಯಾಂಕ್ ಯೂ’ ಎಂಬ ಸಿದ್ಧರೂಪ ಉಳಿಯಿತು. ಕರ್ತೃವೇ ಇಲ್ಲದ ವಾಕ್ಯವಾದ ಮೇಲೆ ಅದು ಶಿಷ್ಟಾಚಾರದ ನಾಣ್ಯವಾಗಿ ಚಲಾವಣೆಗೆ ಬಂದುದು ಸಹಜ.

ಈ ನಾಣ್ಯವನ್ನು ಇಂಗ್ಲಿಷರು ಹಲವು ಕೆಲಸಗಳಿಗೆ ಬಳಸುತ್ತಾರೆ. ಉಪಕಾರವನ್ನು ಒಪ್ಪಿಕೊಳ್ಳುವುದು ಅವುಗಳಲ್ಲಿ ಒಂದು ಮಾತ್ರ. ನೀಡಿದ್ದನ್ನು ನಯವಾಗಿ ನಿರಾಕರಿಸುವುದು ಎರಡನೆಯದು. ಭಾಷಣವನ್ನೋ ಸಂಭಾಷಣೆಯನ್ನೋ ಮುಗಿಸುವುದು ಮೂರನೆಯದು. ಕಾರಣವನ್ನು ಸೂಚಿಸುವುದು ನಾಲ್ಕನೆಯದು: ಇಂಥದರ ದೆಸೆಯಿಂದ ಹೀಗಾಯಿತು ಎಂಬಲ್ಲಿ ‘ಥ್ಯಾಂಕ್ಸ್ ಟು’ ಎನ್ನುತ್ತಾರೆ, ಆದದ್ದು ಕೆಡುಕಾಗಿದ್ದರೆ ಅದೇ ವ್ಯಂಗ್ಯವಾಗುತ್ತದೆ. ಆಜ್ಞೆಯನ್ನು ಮೃದುಗೊಳಿಸುವುದು ಐದನೆಯದು. ಧೂಮಪಾನ ಮಾಡದಿದ್ದುದಕ್ಕೆ ವಂದನೆ ಎಂಬ ಫಲಕ ವಾಸ್ತವವಾಗಿ ನಿಷೇಧಾಜ್ಞೆ. ನಮ್ಮ ಕಚೇರಿಗಳ ಪತ್ರಗಳಲ್ಲಿ ಬಹುಕಾಲ ಮೆರೆದ ‘ಥ್ಯಾಂಕಿಂಗ್ ಯೂ ಇನ್ ಆಂಟಿಸಿಪೇಷನ್’ ಎಂಬುದು ಇನ್ನೂ ವಿಚಿತ್ರ: ಅಲ್ಲಿ ಉಪಕಾರ ನಡೆಯುವ ಮುನ್ನವೇ ಕೃತಜ್ಞತೆಯನ್ನು ಮುಂಗಡವಾಗಿ ಕೊಟ್ಟು ಎದುರಿನವನನ್ನು ಕಟ್ಟಿಹಾಕಲಾಗುತ್ತದೆ. ಸಂಸ್ಕೃತದ ‘ಕೃತಜ್ಞ’ ಎಂಬ ಪದವನ್ನು ಒಡೆದು ನೋಡಿದರೆ ಇದರ ವಿಚಿತ್ರ ಮನವರಿಕೆಯಾಗುತ್ತದೆ. ಮಾಡಿದ್ದನ್ನು ಅರಿತವನು ಕೃತಜ್ಞ. ಮಾಡುವ ಮೊದಲೇ ಅರಿಯುವುದೇನನ್ನು? ತಿರುಕ್ಕುರಳಿನ ಹನ್ನೊಂದನೆಯ ಅಧಿಕಾರದ ಹೆಸರು ಕೂಡ ಮಾಡಿದ ಒಳಿತನ್ನು ಅರಿಯುವುದು ಎಂಬರ್ಥದ್ದೇ.

ಕನ್ನಡಕ್ಕೆ ‘ಥ್ಯಾಂಕ್ಸ್’ ಬಂದಾಗ ಈ ಎಲ್ಲ ಬಳಕೆಗಳೂ ಸಮನಾಗಿ ಬರಲಿಲ್ಲ. ‘ಬೇಡ, ಥ್ಯಾಂಕ್ಸ್’ ಎಂಬ ನಿರಾಕರಣೆ ನಗರದ ಮಾತಿನಲ್ಲಿ ಮಾತ್ರ ನಿಂತಿದೆ. ಇತರ ಕಡೆ ‘ಈಗ ತಾನೇ ಆಯಿತು’, ‘ಸಾಕು’ ಎನ್ನುವುದೇ ರೂಢಿ. ಕಾರಣಾರ್ಥಕ್ಕೆ ಕನ್ನಡದಲ್ಲಿ ‘ದಯೆಯಿಂದ’, ‘ಪುಣ್ಯದಿಂದ’, ‘ಕೃಪೆಯಿಂದ’ ಎಂಬ ಪ್ರಯೋಗಗಳು ಮೊದಲೇ ಇದ್ದುದರಿಂದ ಆ ಸ್ಥಾನ ಖಾಲಿಯಿರಲಿಲ್ಲ. ವ್ಯಂಗ್ಯಕ್ಕೂ ‘ದೊಡ್ಡ ಉಪಕಾರ ಮಾಡಿದೆ ಮಹರಾಯ’ ಎಂಬಂಥ ಮಾತಿತ್ತು. ಹೀಗಿರುವಾಗ ಆ ಪದ ಕನ್ನಡದಲ್ಲಿ ಯಾವ ಖಾಲಿ ಸ್ಥಾನವನ್ನು ತುಂಬಿತು ಎಂಬುದೇ ಮುಖ್ಯ ಪ್ರಶ್ನೆ.

3

ಉತ್ತರಕ್ಕಾಗಿ ಮಧ್ಯಕಾಲೀನ ಕನ್ನಡಕ್ಕೆ ಹೋಗಬೇಕು. ಅಲ್ಲಿ ಉಪಕಾರಕ್ಕೆ ಪ್ರತಿಯಾಗಿ ಸಲ್ಲುವುದನ್ನು ಹೇಳುವ ಮಾತುಗಳು ಮುಖ್ಯವಾಗಿ ಎರಡು ದಿಕ್ಕಿನಲ್ಲಿ ಚಲಿಸುತ್ತವೆ: ಕೆಳಗಿನಿಂದ ಮೇಲಕ್ಕೆ, ಮೇಲಿನಿಂದ ಕೆಳಕ್ಕೆ.

ಕೆಳಗಿನಿಂದ ಮೇಲಕ್ಕೆ ಸಲ್ಲುವುದು ‘ಜೋಳದ ಪಾಳಿ’. ಒಡೆಯನು ಹಾಕಿದ ಅನ್ನಕ್ಕೆ ಆಳು ತೀರಿಸಬೇಕಾದ ಧರ್ಮ ಇದು. ಶಾಸನಗಳ ಜೋಳವಾಳಿಗಳೂ, ಒಡೆಯನೊಡನೆ ಪ್ರಾಣ ಬಿಡುವ ಪ್ರತಿಜ್ಞೆ ಮಾಡಿದ ವೇಳೆವಾಳಿಗಳೂ ಈ ಧರ್ಮಕ್ಕೆ ಕಟ್ಟುಬಿದ್ದವರು. ಎಂ. ಚಿದಾನಂದಮೂರ್ತಿಯವರು 1966ರಲ್ಲಿ ಪ್ರಕಟವಾದ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ದಲ್ಲಿ ಈ ವ್ಯವಸ್ಥೆಯನ್ನು ವಿಶದವಾಗಿ ಪರಿಶೀಲಿಸಿದ್ದಾರೆ. ಇಲ್ಲಿ ಕೃತಜ್ಞತೆಯನ್ನು ಹೇಳುವುದಿಲ್ಲ, ಸಲ್ಲಿಸುತ್ತಾರೆ. ಸಲ್ಲಿಸುವ ದ್ರವ್ಯ ಪ್ರಾಣ.

ಮೇಲಿನಿಂದ ಕೆಳಕ್ಕೆ ಬರುವುದು ‘ಮೆಚ್ಚು’. ಒಡೆಯನು ಆಳಿನ ಸಾಹಸಕ್ಕೆ ಕೃತಜ್ಞನೆಂದು ಶಾಸನಗಳು ಹೇಳುವುದಿಲ್ಲ. ಆತ ಮೆಚ್ಚಿದನೆಂದು, ಮೆಚ್ಚಿ ಕೊಟ್ಟನೆಂದು ಹೇಳುತ್ತವೆ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ (ಶಕವರ್ಷ 872) ಇದಕ್ಕೆ ಪ್ರಸಿದ್ಧ ನಿದರ್ಶನ. ತಕ್ಕೋಲದ ಕಾಳಗದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ ಗಂಗ ಬೂತುಗನಿಗೆ ರಾಷ್ಟ್ರಕೂಟ ಮೂರನೆಯ ಕೃಷ್ಣನು ನಾಡುಗಳನ್ನು ಕೊಟ್ಟನು. ಬೂತುಗನು ತನ್ನ ಸೇವಕ ಮಣಲೆರನಿಗೆ ಮೆಚ್ಚಿದಾಗ ಅವನು ಬೇಡಿಕೊಂಡದ್ದು ಕಾಳಿ ಎಂಬ ನಾಯಿಯನ್ನು. ಆ ನಾಯಿ ಹಂದಿಯೊಡನೆ ಹೋರಾಡಿ, ಎರಡೂ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಂತಿತು. ಒಂದೇ ಕಲ್ಲಿನಲ್ಲಿ ಚಕ್ರವರ್ತಿಯಿಂದ ಮಾಂಡಲಿಕನಿಗೆ, ಮಾಂಡಲಿಕನಿಂದ ಸೇವಕನಿಗೆ, ಸೇವಕನಿಂದ ನಾಯಿಗೆ ಇಳಿಯುವ ಮೆಚ್ಚಿನ ಮೆಟ್ಟಿಲುಗಳೆಲ್ಲ ಕಾಣುತ್ತವೆ. ಈ ಮೆಟ್ಟಿಲುಗಳಲ್ಲಿ ಅಕ್ಕಪಕ್ಕ ನಿಂತವರು ಯಾರೂ ಇಲ್ಲ.

ಇದೇ ಮಾದರಿ ಕಳಿಂಗದ ಕರಾವಳಿಯಲ್ಲಿಯೂ ಕಾಣುತ್ತದೆ. ಮಧ್ವಾಚಾರ್ಯರ ಶಿಷ್ಯರೂ ಕನ್ನಡ ಕೀರ್ತನಸಾಹಿತ್ಯದ ಆದ್ಯರಲ್ಲಿ ಒಬ್ಬರೆಂದು ಗಣಿತರೂ ಆದ ನರಹರಿತೀರ್ಥರು ಹದಿಮೂರನೆಯ ಶತಮಾನದಲ್ಲಿ ಕಳಿಂಗ ರಾಜ್ಯದ ಆಡಳಿತದಲ್ಲಿ ಪ್ರಭಾವಶಾಲಿಗಳಾಗಿದ್ದರು. ವಿಶಾಖಪಟ್ಟಣದ ಉತ್ತರಕ್ಕಿರುವ ಶ್ರೀಕೂರ್ಮದಲ್ಲಿ 1281ರ ಅವರ ಶಾಸನವಿದೆ. ಅರಸನು ಅವರ ಸೇವೆಗೆ ಮೆಚ್ಚಿದಾಗ ಭಂಡಾರದಲ್ಲಿದ್ದ ಮೂಲರಾಮ ಸೀತೆಯರ ವಿಗ್ರಹಗಳನ್ನು ಮಾತ್ರ ಬೇಡಿದರೆಂದು ಮಾಧ್ವ ಸಂಪ್ರದಾಯ ಹೇಳುತ್ತದೆ. ಬೇಡಿದ ವಸ್ತು ಬೇರೆಯಾದರೂ ವ್ಯವಹಾರದ ವ್ಯಾಕರಣ ಆತಕೂರಿನದೇ: ಸೇವೆ ಕೆಳಗಿನಿಂದ, ಮೆಚ್ಚು ಮೇಲಿನಿಂದ.

ಈ ಎರಡು ಚಲನೆಗಳ ನಡುವೆ ಇಕ್ಕಟ್ಟಿಗೆ ಸಿಕ್ಕ ವ್ಯಕ್ತಿತ್ವ ಪಂಪನ ಕರ್ಣನದು. ಪಂಪನ ಪೂರ್ವಿಕರು ವೆಂಗಿಮಂಡಲದವರು. ವೆಂಗಿಯ ಮುಖ್ಯನೆಲೆ ವಿಜಯವಾಡಕ್ಕೆ ದೂರವಲ್ಲದ, ಏಲೂರಿನ ಬಳಿಯ ಇಂದಿನ ಪೆದವೇಗಿ. ಅವನ ತಮ್ಮ ಜಿನವಲ್ಲಭನು ಹಾಕಿಸಿದ ಕುರ್ಕ್ಯಾಲದ ಶಾಸನ ಸಂಸ್ಕೃತ, ಕನ್ನಡ, ತೆಲುಗು ಮೂರರಲ್ಲಿಯೂ ಇದೆ. ಹೀಗೆ ತೆಲುಗು ಕನ್ನಡಗಳ ಸಂಧಿಯಲ್ಲಿ ನಿಂತ ಕವಿ ತಾನೂ ಅರಿಕೇಸರಿಯ ಮೆಚ್ಚಿಗೆ ಪಾತ್ರನಾಗಿ ಧರ್ಮವುರವೆಂಬ ಅಗ್ರಹಾರವನ್ನು ಪಡೆದವನು. ಅವನ ಕರ್ಣನಿಗೆ ಕೃಷ್ಣನು ಜನ್ಮರಹಸ್ಯವನ್ನು ತಿಳಿಸಿ ರಾಜ್ಯವನ್ನೇ ಒಡ್ಡಿದಾಗ, ದುರ್ಯೋಧನನು ಮಾಡಿದ ಉಪಕಾರದ ನೆನಹು ಅವನನ್ನು ಕದಲಗೊಡುವುದಿಲ್ಲ. ಗೆಲವಿಲ್ಲವೆಂದು ಬಲ್ಲ ಪಕ್ಷದಲ್ಲಿ ಅವನು ಉಳಿಯುತ್ತಾನೆ. ಕಾವ್ಯದ ಕೊನೆಯಲ್ಲಿ ಪಂಪನು ಪಾತ್ರಗಳ ಗುಣಗಳನ್ನು ಎಣಿಸುವಾಗ ಕರ್ಣನಿಗೆ ಕೊಡುವ ಗುಣ ‘ನನ್ನಿ’.

ಈ ಪದ ಪ್ರಸ್ತುತ ಚರ್ಚೆಗೆ ಬಹಳ ಮುಖ್ಯ. ಹಳಗನ್ನಡದಲ್ಲಿ ‘ನನ್ನಿ’ ಎಂದರೆ ಸತ್ಯ. ಒಳಿತು ಎಂಬರ್ಥದ ‘ನಲ್’ ಎಂಬ ಅದೇ ದ್ರಾವಿಡ ಮೂಲದಿಂದ ಬಂದ ತಮಿಳಿನ ‘ನನ್ಱಿ’ಗೂ ಮಲಯಾಳದ ‘ನನ್ನಿ’ಗೂ ಕೃತಜ್ಞತೆ ಎಂಬ ಅರ್ಥವಿದೆ, ಆ ಭಾಷೆಗಳಲ್ಲಿ ಇಂದು ‘ಥ್ಯಾಂಕ್ಸ್’ಗೆ ಸಂವಾದಿ ಪದ ಅದೇ. ಒಂದೇ ಬೇರಿನ ಪದ ಒಂದೆಡೆ ಕೃತಜ್ಞತೆಯಾಗಿ, ಇನ್ನೊಂದೆಡೆ ಸತ್ಯವಾಗಿ ಬೆಳೆದುದು ಆಕಸ್ಮಿಕವಿರಬಹುದು. ಆದರೆ ಪಂಪನ ಕರ್ಣನಲ್ಲಿ ಆ ಎರಡು ಅರ್ಥಗಳೂ ಕೂಡಿಕೊಂಡಿವೆ. ಅವನ ಸತ್ಯವೆಂದರೆ ಉಂಡ ಋಣಕ್ಕೆ ತಪ್ಪದಿರುವುದು. ಕನ್ನಡದಲ್ಲಿ ಕೃತಜ್ಞತೆಗೆ ಮಾತಿಲ್ಲವೆನ್ನುವವರು ಈ ಸ್ಥಳವನ್ನು ಗಮನಿಸಬೇಕು. ಇತ್ತೀಚಿನ ದಶಕಗಳಲ್ಲಿ ಅಚ್ಚಗನ್ನಡದ ಒಲವುಳ್ಳ ಕೆಲವರು ‘ಥ್ಯಾಂಕ್ಸ್’ಗೆ ಬದಲಾಗಿ ‘ನನ್ನಿ’ ಎಂದು ಬರೆಯುತ್ತಿದ್ದಾರೆ. ತಮಿಳಿನ ಅನುಕರಣೆಯೆಂದು ಅದನ್ನು ತಳ್ಳಿಹಾಕುವುದು ಸುಲಭ. ಕರ್ಣನ ನೆನಪಿರುವವರಿಗೆ ಅದು ಅಷ್ಟು ಅಪರಿಚಿತವಾಗಿ ಕೇಳುವುದಿಲ್ಲ. ತೊಡಕಿರುವುದು ಬೇರೆಡೆ: ಪ್ರಾಣವನ್ನು ತೆತ್ತು ಉಳಿಸಿಕೊಳ್ಳುವ ಮಾತನ್ನು ಬಸ್ಸಿನ ಚಿಲ್ಲರೆಗೆ ಬಳಸುವುದು ಹೇಗೆ?

ಹನ್ನೆರಡನೆಯ ಶತಮಾನದ ಶರಣರು ಈ ಎರಡೂ ಚಲನೆಗಳನ್ನು ಪ್ರಶ್ನಿಸಿದರು. ಒಡೆಯನ ಅನ್ನದ ಋಣಕ್ಕೆ ಅವರು ಕೊಟ್ಟ ಕಟುವಾದ ಹೆಸರು ‘ಹಂಗು’. ಕಾಯಕದಿಂದ ಬಂದುದು ಹಂಗಿನದಲ್ಲ. ದಾಸೋಹದಲ್ಲಿ ಕೊಡುವವನೇ ದಾಸನಾಗುತ್ತಾನೆ. ಪಡೆದವನು ಕೃತಜ್ಞನಾಗಬೇಕಿಲ್ಲ, ಕೊಡಲು ಅವಕಾಶ ಪಡೆದವನೇ ಧನ್ಯ. ಇದು ಉಪಕಾರದ ಲೆಕ್ಕವನ್ನೇ ತಲೆಕೆಳಗು ಮಾಡಿದ ದೊಡ್ಡ ಆಲೋಚನೆ. ಆದರೆ ಇಲ್ಲಿಯೂ ಇಬ್ಬರು ಸಮಾನರ ನಡುವೆ ವಿನಿಮಯವಾಗುವ ಹಗುರವಾದ ಮಾತೊಂದು ಹುಟ್ಟಲಿಲ್ಲ. ಲೆಕ್ಕವೇ ಅಳಿಸಿಹೋದಲ್ಲಿ ರಸೀತಿ ಬೇಕಿಲ್ಲವಷ್ಟೆ.

4

ಕಾವ್ಯಶಾಸನಗಳಿಂದ ಜನರ ಮಾತಿಗೆ ಬಂದರೆ, ಕನ್ನಡ ತೆಲುಗುಗಳ ಹೋಲಿಕೆ ಬೆರಗುಗೊಳಿಸುವಂತಿದೆ. ಕೃತಘ್ನನನ್ನು ತೆಲುಗರು ‘ತಿನ್ನ ಇಂಟಿ ವಾಸಾಲು ಲೆಕ್ಕಪೆಟ್ಟೇವಾಡು’ ಎನ್ನುತ್ತಾರೆ. ಕನ್ನಡಿಗರು ‘ಉಂಡ ಮನೆಯ ಜಂತೆ ಎಣಿಸುವವನು’ ಎನ್ನುತ್ತಾರೆ. ಊಟ ಮಾಡಿ, ಅದೇ ಮನೆಯ ಮಾಡಿನ ಮರಗಳೆಷ್ಟೆಂದು ಲೆಕ್ಕ ಹಾಕುವವನ ಚಿತ್ರ ಎರಡು ಭಾಷೆಗಳಿಗೂ ಒಂದೇ. ಮನೆಗೆ ಬಂದ ಕಿರಿಯನೊಬ್ಬ ಬಿಂದಿಗೆ ನೀರು ತಂದುಕೊಟ್ಟರೆ ತೆಲುಗಿನ ಮುದುಕಿ ‘ನೀ ಕಡುಪು ಚಲ್ಲಗಾ’ ಎಂದು ಹರಸುತ್ತಾಳೆ; ಕನ್ನಡದ ಅಜ್ಜಿ ‘ನಿನ್ನ ಹೊಟ್ಟೆ ತಣ್ಣಗಿರಲಿ’ ಎನ್ನುತ್ತಾಳೆ. ವಿಶಾಖಪಟ್ಟಣದ ಕನ್ನಡ ಮನೆಗಳಲ್ಲಿ ಈ ಎರಡು ಹರಕೆಗಳೂ ಒಂದೇ ಬಾಯಿಂದ ಬರುವುದನ್ನು ಕೇಳಬಹುದು. ಅನುವಾದವೆನ್ನಿಸದಷ್ಟು ಸಲೀಸಾಗಿ ಅವು ಒಂದರ ಜಾಗದಲ್ಲಿ ಇನ್ನೊಂದು ಕೂರುತ್ತವೆ.

‘ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ’ ಎಂಬ ಕನ್ನಡ ಗಾದೆಯ ಕ್ರಿಯಾಪದವನ್ನು ವಿಶೇಷವಾಗಿ ಗಮನಿಸಬೇಕು. ಅದು ಹೇಳು ಎನ್ನುವುದಿಲ್ಲ, ತೀರಿಸು ಎಂದೂ ಎನ್ನುವುದಿಲ್ಲ, ನೆನೆ ಎನ್ನುತ್ತದೆ. ಇಂಗ್ಲಿಷ್ ಪದದ ಮೂಲದಲ್ಲಿದ್ದ ಅರ್ಥವೂ ಇದೇ ಎಂಬುದನ್ನು ಮೇಲೆ ನೋಡಿದೆವು. ನಮ್ಮ ಸಂಶೋಧನಪ್ರಬಂಧಗಳ ಆರಂಭದಲ್ಲಿ ಬರುವ ‘ಉಪಕಾರಸ್ಮರಣೆ’ ಎಂಬ ಶೀರ್ಷಿಕೆ ಆ ನೆನೆಯುವಿಕೆಯ ಸಂಸ್ಕೃತರೂಪ. ಎರಡು ಭಾಷೆಗಳೂ ಒಂದೇ ಕಲ್ಪನೆಯಿಂದ ಹೊರಟವು. ಇಂಗ್ಲಿಷು ನೆನಪನ್ನು ಆ ಕ್ಷಣದ ನುಡಿಯಾಗಿ ಕುಗ್ಗಿಸಿತು, ಕನ್ನಡದ ಗಾದೆ ಅದನ್ನು ಮುಪ್ಪಿನವರೆಗೆ ಹಿಗ್ಗಿಸಿತು.

ಆದರೆ ಈ ಸುಂದರವಾದ ಮಾತುಗಳ ಸಾಮಾಜಿಕ ವ್ಯಾಕರಣವನ್ನು ಮರೆಯಲಾಗದು. ಹರಕೆ ಹಿರಿಯರಿಂದ ಕಿರಿಯರಿಗೆ ಮಾತ್ರ ಸಲ್ಲುತ್ತದೆ. ಕಿರಿಯನು ಹಿರಿಯಳಿಗೆ ‘ಹೊಟ್ಟೆ ತಣ್ಣಗಿರಲಿ’ ಎನ್ನಲಾರನು, ಅವನದು ನಮಸ್ಕಾರ. ಸಭೆಗಳ ಕೊನೆಯಲ್ಲಿ ನಾವು ಮಾಡುವುದು ‘ವಂದನಾರ್ಪಣೆ’, ತೆಲುಗರು ಮಾಡುವುದು ‘ವಂದನ ಸಮರ್ಪಣ’. ವಂದನೆ ಬಾಗುವಿಕೆ, ಅರ್ಪಣೆ ಮೇಲಿರುವವರಿಗೆ ಮಾಡುವಂಥದು. ಉಂಡು ಏಳುವಾಗ ಹೇಳುವ ‘ಅನ್ನದಾತಾ ಸುಖೀಭವ’ ಎಂಬ ಸಂಸ್ಕೃತ ಹರಕೆಯೊಂದು ಈ ಅಂತರವನ್ನು ಕೊಂಚ ಸಡಿಲಿಸುತ್ತದೆ, ಆದರೆ ಅದು ಭೋಜನಕ್ಕೆ ಸೀಮಿತ. ‘ನಿಮ್ಮ ಉಪ್ಪು ತಿಂದವನು ನಾನು’ ಎಂದು ಆಳು ಹೇಳಿದ್ದುಂಟು. ‘ನಿನ್ನ ಬೆವರು ಉಂಡವನು ನಾನು’ ಎಂದು ಧಣಿ ಹೇಳುವ ಮಾತು ಗಾದೆಯಾಗಲಿಲ್ಲ. ಜಾತಿಯ ಮೆಟ್ಟಿಲುಗಳಿರುವ ಸಮಾಜದಲ್ಲಿ ಕೃತಜ್ಞತೆಯ ಭಾಷೆಯೂ ಮೆಟ್ಟಿಲು ಹತ್ತಿ ಇಳಿಯುತ್ತಿತ್ತು. ಹೊರೆ ಇಳಿಸಿದವನಿಗೆ, ಬಾವಿಯಿಂದ ನೀರು ಸೇದಿದವಳಿಗೆ, ಬೀದಿ ಗುಡಿಸಿದವನಿಗೆ ಹೇಳಲು ಮೇಲಿನವರ ಬಳಿ ಪದವಿರಲಿಲ್ಲ, ಏಕೆಂದರೆ ಹೇಳಬೇಕೆಂಬ ಭಾವವೇ ಇರಲಿಲ್ಲ. ಕೊಟ್ಟರೆ ಕೂಲಿ, ಮೆಚ್ಚಿದರೆ ಇನಾಮು. ಕೃತಜ್ಞತೆ ನಮ್ಮಲ್ಲಿ ಹೃದಯದ್ದು ಎಂಬ ಅಭಿಮಾನದ ಉತ್ತರ ಈ ಮೌನವನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

‘ಥ್ಯಾಂಕ್ಸ್’ ತುಂಬಿದ ಖಾಲಿ ಸ್ಥಾನ ಇದು. ಕೃತಜ್ಞತೆ ಕನ್ನಡದಲ್ಲಿ ಹೇರಳವಾಗಿತ್ತು. ಇಲ್ಲದಿದ್ದುದು, ಅಪರಿಚಿತರಿಬ್ಬರು ಮೇಲುಕೀಳಿನ ಗುರುತಿಲ್ಲದೆ ಕ್ಷಣಕಾಲ ಕೊಟ್ಟು ತೆಗೆದುಕೊಳ್ಳಬಹುದಾದ ಮಾತು. ಬಂದರಿನಂಥ ಸ್ಥಳದಲ್ಲಿ ಅದರ ಅಗತ್ಯ ಸ್ಪಷ್ಟವಾಗಿ ಕಾಣುತ್ತದೆ. 1948ರ ಡಾಕ್ ಕಾರ್ಮಿಕರ ಉದ್ಯೋಗ ನಿಯಂತ್ರಣ ಕಾಯಿದೆ ಹಡಗುಕಟ್ಟೆಯ ಹೊರೆಯಾಳುಗಳ ನೋಂದಣಿಗೂ ಕ್ರಮಬದ್ಧವಾದ ಕೆಲಸಕ್ಕೂ ಅವಕಾಶ ಕಲ್ಪಿಸಿತು. ಮೇಸ್ತ್ರಿಯ ಮರ್ಜಿಯಿಂದ ದೊರೆಯುತ್ತಿದ್ದ ಕೆಲಸ ಹಕ್ಕಾಗಿ ಬದಲಾಗತೊಡಗಿದಾಗ ಉಪ್ಪಿನ ಋಣದ ಭಾಷೆಗೆ ಅಲ್ಲಿ ನೆಲೆ ತಪ್ಪುತ್ತದೆ. ಹಕ್ಕಿನಿಂದ ಪಡೆದುದಕ್ಕೆ ಯಾರೂ ಜೀವಮಾನವಿಡೀ ಋಣಿಯಾಗಬೇಕಿಲ್ಲ. ಆದರೂ ಮನುಷ್ಯರ ನಡುವೆ ಸೌಜನ್ಯ ಬೇಕು. ಹಂಗಿಲ್ಲದ ಸೌಜನ್ಯದ ಮಾತು ಅಲ್ಲಿಗೆ ಒಗ್ಗುತ್ತದೆ.

5

ಹಾಗಾದರೆ ಈ ಪದ ಕನ್ನಡದಲ್ಲಿ ನಿಜವಾಗಿಯೂ ಮೇಲುಕೀಳನ್ನು ಅಳಿಸಿದೆಯೇ? ಆಡುಮಾತನ್ನು ಕಿವಿಗೊಟ್ಟು ಕೇಳಿದರೆ ಅಷ್ಟು ಸರಳವಾದ ತೀರ್ಮಾನ ಸಾಧ್ಯವಿಲ್ಲವೆಂದು ತಿಳಿಯುತ್ತದೆ. ಇಂಗ್ಲಿಷಿನಲ್ಲಿ ‘ಥ್ಯಾಂಕ್ಸ್’ ಒಂಟಿಯಾಗಿ ನಿಲ್ಲಬಲ್ಲದು. ವಿಶಾಖಪಟ್ಟಣದ ತೆಲುಗರ ಬಾಯಲ್ಲಿ ಅದು ‘ಥ್ಯಾಂಕ್ಸಂಡಿ’ ಅಥವಾ ‘ಥ್ಯಾಂಕ್ಸ್ ರಾ’. ಕನ್ನಡಿಗರ ಬಾಯಲ್ಲಿ ‘ಥ್ಯಾಂಕ್ಸ್ ರೀ’, ‘ಥ್ಯಾಂಕ್ಸ್ ಸಾರ್’, ‘ಥ್ಯಾಂಕ್ಸ್ ಕಣೋ’, ‘ಥ್ಯಾಂಕ್ಸ್ ಕಣಮ್ಮ’. ಪದ ಹಡಗಿನಿಂದ ಇಳಿದು ಬಂದಿತು. ದಡದಲ್ಲಿ ಕಾದಿದ್ದ ಪ್ರತ್ಯಯಗಳು ಅದಕ್ಕೆ ಅಂಟಿಕೊಂಡವು. ವಯಸ್ಸು, ಸಲುಗೆ, ಅಂತಸ್ತುಗಳ ಲೆಕ್ಕಾಚಾರವನ್ನು ಆ ಪ್ರತ್ಯಯಗಳು ಮೊದಲಿನಂತೆಯೇ ನಡೆಸುತ್ತಿವೆ. ಅಷ್ಟಾದರೂ ಒಂದು ವ್ಯತ್ಯಾಸ ಉಳಿಯುತ್ತದೆ. ಮೊದಲು ಮೇಲಿನವನಿಗೊಂದು ಕ್ರಿಯೆ, ಕೆಳಗಿನವನಿಗೊಂದು ಕ್ರಿಯೆ ಇತ್ತು. ಈಗ ಕ್ರಿಯೆ ಒಂದೇ, ಬಾಲ ಮಾತ್ರ ಬೇರೆ. ಅಧಿಕಾರಿಯು ಜವಾನನಿಗೂ ಜವಾನನು ಅಧಿಕಾರಿಗೂ ಹೇಳಬಹುದಾದ ಒಂದೇ ಪದ ದೊರೆತಿರುವುದು ಸಣ್ಣ ಸಂಗತಿಯಲ್ಲ.

‘ಥ್ಯಾಂಕ್ಸ್’ಗೆ ಬರುವ ಪ್ರತ್ಯುತ್ತರವೂ ಪರಿಶೀಲನಾರ್ಹ. ಇಂಗ್ಲಿಷಿನ ‘ಯೂ ಆರ್ ವೆಲ್ಕಂ’ ಎಂಬುದನ್ನು ಕೆಲವು ಅನುವಾದಗಳು ‘ಸುಸ್ವಾಗತ’ ಎಂದು ಮಾಡಿ ನಗೆಪಾಟಲಿಗೆ ಈಡಾಗಿವೆ. ಕನ್ನಡಿಗರ ಸಹಜವಾದ ಮರುಮಾತು ‘ಅಯ್ಯೋ, ಅದಕ್ಕೇನಂತೆ’, ‘ಇರಲಿ ಬಿಡಿ’, ‘ಪರವಾಗಿಲ್ಲ’; ತೆಲುಗರದು ‘ಪರವಾಲೇದು’, ‘ದಾನಿಕೇಮುಂದಂಡೀ’. ಇವೆಲ್ಲವೂ ಋಣವನ್ನು ಮನ್ನಾ ಮಾಡುವ ಮಾತುಗಳು. ಎಂದರೆ, ‘ಥ್ಯಾಂಕ್ಸ್’ ಕೇಳಿದ ತಕ್ಷಣ ನಮ್ಮ ಕಿವಿಗೆ ಅದರಲ್ಲಿ ಇನ್ನೂ ಋಣದ ಒಪ್ಪಿಗೆಯೇ ಕೇಳಿಸುತ್ತದೆ. ಅದನ್ನು ಕೂಡಲೇ ಹರಿದು ಹಾಕುವುದು ದೊಡ್ಡತನವೆನಿಸುತ್ತದೆ. ಪದ ಹೊಸದು, ಕೇಳುವ ಕಿವಿ ಹಳೆಯದು. ಮನೆಯೊಳಗೆ ತಾಯಿಗೆ, ಒಡಹುಟ್ಟಿದವರಿಗೆ ‘ಥ್ಯಾಂಕ್ಸ್’ ಎಂದರೆ ಅವರು ನೊಂದುಕೊಳ್ಳುವುದಕ್ಕೂ ಕಾರಣ ಇದೇ: ತೀರಿಸಲಾಗದ ಋಣವನ್ನು ಒಂದು ಮಾತಿನಿಂದ ತೀರಿಸಹೊರಟಂತೆ, ತಮ್ಮನ್ನು ಹೊರಗಿನವರ ಸಾಲಿಗೆ ಸೇರಿಸಿದಂತೆ ಅವರಿಗೆ ಕಾಣುತ್ತದೆ. ವಲಸೆ ಬಂದ ಕುಟುಂಬಗಳಲ್ಲಿ ಇಂಗ್ಲಿಷ್ ಶಾಲೆಗೆ ಹೋಗುವ ಮಕ್ಕಳು ಅಜ್ಜಿಗೆ ‘ಥ್ಯಾಂಕ್ಸ್’ ಹೇಳುವುದೂ, ಅಜ್ಜಿ ಅದಕ್ಕೆ ನಗುವುದೂ ಎರಡು ವ್ಯಾಕರಣಗಳ ಮುಖಾಮುಖಿಯೇ.

ಇನ್ನು ‘ಧನ್ಯವಾದ’. ಸಂಸ್ಕೃತದಲ್ಲಿ ಇದರ ಅರ್ಥ ‘ಧನ್ಯ’ ಎಂದು ಹೇಳುವುದು, ಪ್ರಶಂಸೆ. ಕನ್ನಡದ ಭಕ್ತಿಸಾಹಿತ್ಯದಲ್ಲಿ ‘ಧನ್ಯ’ನಾಗುವವನು ಪಡೆದವನು: ನಾನು ಧನ್ಯನಾದೆ. ಆಧುನಿಕ ‘ಧನ್ಯವಾದ’ದಲ್ಲಿ ಧನ್ಯನೆನಿಸಿಕೊಳ್ಳುವವನು ಕೊಟ್ಟವನು. ಹೀಗೆ ಇಂಗ್ಲಿಷ್ ಪದದ ಸ್ಥಾನವನ್ನು ತುಂಬುವ ಭರದಲ್ಲಿ ಪದದ ಒಳಗಿನ ದಿಕ್ಕು ಬದಲಾಗಿದೆ. ಇದು ದೋಷವೇನಲ್ಲ, ಪದಗಳು ಹೀಗೆಯೇ ಬದುಕುತ್ತವೆ. ಆದರೆ ಈ ಪದ ವೇದಿಕೆಯಿಂದ ಕೆಳಗಿಳಿಯಲಿಲ್ಲ. ತೆಲುಗಿನ ‘ಧನ್ಯವಾದಾಲು’ ಎಂಬುದರ ಸ್ಥಿತಿಯೂ ಬಹುಮಟ್ಟಿಗೆ ಇದೇ. ಭಾಷಣದ ಕೊನೆಗೆ, ಪತ್ರದ ಕೊನೆಗೆ, ಹಣ ಕೊಡುವ ಯಂತ್ರದ ಪರದೆಯ ಮೇಲೆ, ದೂರವಾಣಿಯ ಧ್ವನಿಮುದ್ರಿತ ಸಂದೇಶದ ತುದಿಗೆ ಅದು ಬರುತ್ತದೆ. ಯಂತ್ರಗಳು ‘ಧನ್ಯವಾದಗಳು’ ಎನ್ನುತ್ತವೆ, ಮನುಷ್ಯರು ‘ಥ್ಯಾಂಕ್ಸ್’ ಎನ್ನುತ್ತಾರೆ. ಶುದ್ಧಿಯ ದೃಷ್ಟಿಯಿಂದ ‘ಥ್ಯಾಂಕ್ಸ್’ ಅನ್ನು ಓಡಿಸಿ ‘ಧನ್ಯವಾದ’ವನ್ನು ಕೂರಿಸಬೇಕೆನ್ನುವವರು ಒಂದು ಎರವಲನ್ನು ಇನ್ನೊಂದು ಎರವಲಿನಿಂದ ಬದಲಿಸುತ್ತಿದ್ದಾರೆಂಬುದನ್ನೂ, ಬೀದಿಯ ಮಾತನ್ನು ವೇದಿಕೆಯ ಮಾತಿನಿಂದ ಬದಲಿಸಲು ಯತ್ನಿಸುತ್ತಿದ್ದಾರೆಂಬುದನ್ನೂ ಗಮನಿಸಿಲ್ಲ.

6

ಮೇಲಿನ ವಿವೇಚನೆಯಿಂದ ಹೊರನಾಡಿನ ಸಂಶೋಧಕರಿಗೆ, ವಿಶೇಷವಾಗಿ ಅನುವಾದಕರಿಗೆ ಮತ್ತು ಕನ್ನಡವನ್ನು ಎರಡನೆಯ ಭಾಷೆಯಾಗಿ ಕಲಿಸುವವರಿಗೆ, ಕೆಲವು ಸೂಚನೆಗಳು ಒದಗುತ್ತವೆ.

ಮೊದಲನೆಯದಾಗಿ, ‘ಥ್ಯಾಂಕ್ಸ್’ಗೆ ಒಂದೇ ಕನ್ನಡ ಪದವನ್ನು ಕೊಡುವ ದ್ವಿಭಾಷಾ ನಿಘಂಟು ಬಳಕೆಯ ಸಂದರ್ಭಗಳನ್ನೂ ಕೊಡಬೇಕು. ವೇದಿಕೆಗೆ ‘ಧನ್ಯವಾದ’, ‘ವಂದನೆ’. ಬರವಣಿಗೆಗೆ ‘ಕೃತಜ್ಞತೆ’, ‘ಉಪಕಾರಸ್ಮರಣೆ’. ಬೀದಿಗೂ ಕಚೇರಿಗೂ ‘ಥ್ಯಾಂಕ್ಸ್’. ಹಿರಿಯರಿಂದ ಕಿರಿಯರಿಗೆ ಹರಕೆ. ಮನೆಯೊಳಗೆ ಬಹುಪಾಲು ಮೌನ. ಈ ಹಂಚಿಕೆಯನ್ನು ತಿಳಿಯದೆ ಕಲಿತ ಕನ್ನಡ ವ್ಯಾಕರಣಶುದ್ಧವಾಗಿದ್ದರೂ ಪರಕೀಯವಾಗಿ ಕೇಳುತ್ತದೆ.

ಎರಡನೆಯದಾಗಿ, ಅನುವಾದದಲ್ಲಿ ಪದಕ್ಕೆ ಪದ ಇಡುವುದಕ್ಕಿಂತ ಸಂಬಂಧಕ್ಕೆ ಸಂಬಂಧ ಇಡುವುದು ಮುಖ್ಯ. ಇಂಗ್ಲಿಷ್ ಕಾದಂಬರಿಯ ಮಗನು ತಟ್ಟೆ ಮುಂದಿಟ್ಟ ತಾಯಿಗೆ ‘ಥ್ಯಾಂಕ್ ಯೂ’ ಎಂದರೆ ಅದು ಅಲ್ಲಿನ ದಿನಚರಿ. ಕನ್ನಡದಲ್ಲಿ ಅವನು ‘ಧನ್ಯವಾದ ಅಮ್ಮಾ’ ಎಂದೊಡನೆ ತಾಯಿಮಕ್ಕಳ ನಡುವೆ ಏನೋ ಕೆಟ್ಟಿದೆಯೆಂದು ಓದುಗ ಭಾವಿಸುತ್ತಾನೆ. ಅಲ್ಲಿ ಅವನು ಸುಮ್ಮನೆ ಉಣ್ಣತೊಡಗುವುದೇ ಸರಿಯಾದ ಅನುವಾದ. ಹಾಗೆಯೇ ಹಳಗನ್ನಡದಿಂದ ಇಂಗ್ಲಿಷಿಗೆ ಹೋಗುವವರು ‘ಜೋಳದ ಪಾಳಿ’ಯನ್ನು ಕೃತಜ್ಞತೆ ಎಂಬ ಮೃದುವಾದ ಪದದಲ್ಲಿ ಇಳಿಸಿದರೆ ಅದರ ಹಿಂದಿನ ಒಡೆಯನೂ ಅನ್ನವೂ ಸಾವೂ ಕಣ್ಮರೆಯಾಗುತ್ತವೆ, ನಿಷ್ಠೆ ಎಂದರೆ ಅನ್ನ ಬಿಟ್ಟುಹೋಗುತ್ತದೆ. ಇಂಥಲ್ಲಿ ಮೂಲಪದವನ್ನೇ ಉಳಿಸಿ ವಿವರಿಸುವುದು ಲೇಸು.

ಮೂರನೆಯದಾಗಿ, ಎರವಲು ಪದಗಳ ಅಧ್ಯಯನದಲ್ಲಿ ‘ಯಾವ ದೇಶ್ಯಪದವನ್ನು ಇದು ಓಡಿಸಿತು?’ ಎಂಬ ಪ್ರಶ್ನೆಯೊಂದನ್ನೇ ಕೇಳುವ ರೂಢಿಯಿದೆ. ‘ಯಾವ ಸಂಬಂಧಕ್ಕೆ ನಮ್ಮಲ್ಲಿ ಪದವಿರಲಿಲ್ಲ, ಏಕಿರಲಿಲ್ಲ?’ ಎಂಬುದನ್ನೂ ಕೇಳಬೇಕು. ಬಂದರು, ರೈಲುನಿಲ್ದಾಣ, ಆಸ್ಪತ್ರೆ, ನ್ಯಾಯಾಲಯಗಳಂಥ ಅಪರಿಚಿತರ ಕೂಟಸ್ಥಾನಗಳಲ್ಲಿ ನೆಲೆಯೂರಿದ ‘ಸಾರಿ’, ‘ಪ್ಲೀಸ್’, ‘ಎಕ್ಸ್‌ಕ್ಯೂಸ್ ಮಿ’ಗಳನ್ನು ಕನ್ನಡ, ತೆಲುಗು, ಒಡಿಯಾ ಮೂರರಲ್ಲಿಯೂ ಹೋಲಿಸಿ ಪರಿಶೀಲಿಸಿದರೆ ಈ ಕರಾವಳಿಯ ಭಾಷಾಜೀವನದ ಚಿತ್ರ ಇನ್ನಷ್ಟು ಪೂರ್ಣವಾದೀತು. ಗಡಿಯಾಚೆಯ ಕನ್ನಡ ಪೀಠಗಳಿಗೆ ಆ ಕೆಲಸಕ್ಕೆ ಬೇಕಾದ ಅನುಕೂಲ ಒಳನಾಡಿನವರಿಗಿಂತ ಹೆಚ್ಚಾಗಿದೆ.

‘ಥ್ಯಾಂಕ್ಸ್’ ಕನ್ನಡದ ದಾರಿದ್ರ್ಯಕ್ಕೆ ಸಾಕ್ಷಿಯಲ್ಲ; ಅದು ಕನ್ನಡಸಮಾಜದ ಒಂದು ಹಳೆಯ ಮೌನಕ್ಕೆ ಸಾಕ್ಷಿ. ಆ ಮೌನವನ್ನು ಮುರಿದ ಮಟ್ಟಿಗೆ ಅದರ ಬರವು ಸ್ವಾಗತಾರ್ಹ. ಹೇಳಿದೊಡನೆ ಲೆಕ್ಕ ಮುಗಿಯಿತೆಂದು ಅದು ನಮಗೆ ಕಲಿಸುವ ಮಟ್ಟಿಗೆ, ಮುಪ್ಪಿನವರೆಗೆ ನೆನೆಯಬೇಕೆಂಬ ಗಾದೆ ಅದಕ್ಕೆ ಎದುರಾಗಿ ನಿಂತಿರಬೇಕು. ಹಂಗಿಲ್ಲದೆ ಹೇಳುವುದನ್ನು ಹೊಸ ಪದದಿಂದಲೂ ಮರೆಯದೆ ನೆನೆಯುವುದನ್ನು ಹಳೆಯ ಗಾದೆಯಿಂದಲೂ ಕಲಿಯಲು ಕನ್ನಡಕ್ಕೆ ಅಡ್ಡಿಯೇನೂ ಇಲ್ಲ.